ಎಮ್ಮೆಗಳು ಒಲ್ಲೆಂದ ನೊರೆ

ಮೂರು ಬಾಟಲಿಗಳಲ್ಲಿ ಒಂದು ಒಡೆಯಬಹುದಿತ್ತು. ಬೆಕ್ಕು ಕೆಡವಬಹುದಿತ್ತು. ನಿಂತ ನೀರು ಮನೆಯಲ್ಲಿ ಇರಬಾರದೆಂದು ಅವ್ವ ಮೂರನ್ನೂ ಬಚ್ಚಲಿಗೆ ಸುರಿಯಬಹುದಿತ್ತು. ಮೂರರಲ್ಲೂ ನೊರೆ ಒಟ್ಟಿಗೇ ಸತ್ತು, ಇಲ್ಲವೇ ಒಂದರಲ್ಲೂ ಸಾಯದೆ, ನಮ್ಮೂರು ಅಕ್ಕಿಆಲೂರಿನ ಹಿರಿಯರ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಲ್ಲಬಹುದಿತ್ತು. ಯಾವ ಬಾಟಲಿ ಯಾವುದೆಂದು ನನಗೇ ಮರೆಯಬಹುದಿತ್ತು; ಆ ಭಯಕ್ಕೆ ಚೀಟಿ ಅಂಟಿಸಿದೆ, ಚೀಟಿ ಉದುರೀತೆಂಬ ಭಯಕ್ಕೆ ಕೊರಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಪ್ರಯೋಗದ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು. ಉಳಿದ ಜಗತ್ತಿನ ಮೇಲೆ ಇರಲಿಲ್ಲ, ಅಷ್ಟೆ.

ಅರವತ್ತರ ದಶಕದ ಒಂದು ಬೇಸಿಗೆ. ನನಗೆ ನಲವತ್ತು ದಾಟಿತ್ತು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಾನಗಲ್ಲಿನ ಅಂಗಡಿಗಳಿಗೆ ಬಟ್ಟೆ ಒಗೆಯುವ ಹೊಸ ಪುಡಿ ಬಂದಿತ್ತು. ಊರಿನ ಬಟ್ಟೆ ಒಗೆಯುತ್ತಿದ್ದ, ಊರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಅದನ್ನು ತಂದು ಕೆರೆಯಲ್ಲಿ ಬಳಸತೊಡಗಿದಳು. ಅರಿವೆ ಬೆಳ್ಳಗಾದವು. ನೀರು ಇಳಿದಿದ್ದ ಕೆರೆಯ ದಂಡೆಯೂ ನೊರೆ ಹತ್ತಿ ಬೆಳ್ಳಗಾಯಿತು. ಎಮ್ಮೆಗಳು ಮೂಸಿ ಹಿಂದೆ ಸರಿದವು. ಹಿರಿಯರು ಆಕೆಯ ಒಗೆಯುವ ಕಲ್ಲನ್ನೇ ಕೀಳಿಸಲು ಹೊರಟರು. ಗಂಡ ತೀರಿಕೊಂಡಿದ್ದ ಆಕೆಯ ಮನೆಯ ಒಲೆ ಉರಿಯುತ್ತಿದ್ದುದು ಆ ಕಲ್ಲಿನಿಂದ.

"ಮಾಸ್ತರ್ರ, ಸಬಕಾರದ ನೊರಿನೂ ನೊರಿನ ಅಲ್ಲೇನ್ರಿ? ಇಷ್ಟು ವರ್ಷ ಯಾರೂ ಏನೂ ಅನ್ನಲಿಲ್ಲ. ನೀವರ ಹೇಳ್ರಿ," ಎಂದು ಆಕೆ ಮನೆಗೇ ಬಂದಳು.

ಕೆರೆಯ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ತಮಗೆ ಒಗ್ಗಿದ್ದನ್ನು ತಿಂದು ಮುಗಿಸುತ್ತವೆ. ಪುಡಿ ಅವಕ್ಕೆ ಒಗ್ಗುತ್ತದೋ ಇಲ್ಲವೋ? ಹಿರಿಯರಲ್ಲಿ ವಾಯಿದೆ ಕೇಳಿಕೊಂಡೆ. ಒಂದು ಬಾಟಲಿಯಲ್ಲಿ ಕೆರೆನೀರಿಗೆ ಆಕೆಯ ಸಬಕಾರ, ಅಂದರೆ ಸಾಬೂನು, ಹಾಕಿದೆ, ಇನ್ನೊಂದರಲ್ಲಿ ಕೆರೆನೀರಿಗೇ ಪುಡಿ. ಸಾಬೂನಿನ ನೊರೆ ತಾನಾಗಿಯೇ ಸಾಯುತ್ತದೋ, ತಿನ್ನುವವರಿದ್ದರೆ ಮಾತ್ರವೋ ತಿಳಿಯಬೇಕಲ್ಲ. ಅದಕ್ಕೆ ಮೂರನೆಯದರಲ್ಲಿ ಕುದಿಸಿ ಆರಿಸಿದ ಕೆರೆನೀರಿಗೆ ಸಾಬೂನು. ಬಿಸಿಲು ತಾಗದ ಗೋಡೆಯ ಗೂಡಿನಲ್ಲಿಟ್ಟು, ದಿನಾ ಬೆಳಿಗ್ಗೆ ಅಲುಗಾಡಿಸಿ, ನೊರೆ ಎಷ್ಟು ಬೆರಳು ನಿಂತಿತೆಂದು ನೋಡುತ್ತಿದ್ದೆ.

"ದೇವರ ಮುಂದ ಇಷ್ಟು ನಿಯಮದಿಂದ ನಿಂತಿದ್ರ, ಇಷ್ಟೊತ್ತಿಗೆ ಬಂದು ಮಾತಾಡಿಸ್ತಿದ್ದ," ಎಂದಳು ಅವ್ವ. ಆದರೆ ಬಾಟಲಿ ಮುಟ್ಟಲಿಲ್ಲ.

ವಾಯಿದೆ ಮುಗಿದ ದಿನ ಹಿರಿಯರು ನಮ್ಮ ಪಡಸಾಲೆಗೆ ಬಂದು ಕುಳಿತರು. ಅಕ್ಕ ಬಾಗಿಲಿಗೆ ಒರಗಿ ನಿಂತಳು. ಸಾಬೂನಿನ ಬಾಟಲಿ ಅಲುಗಾಡಿಸಿದೆ: ಬರೀ ನೀರು ಕುಲುಕಿತು. ಕುದಿಸಿದ ನೀರಿನದರಲ್ಲಿ ನೊರೆ ಎದ್ದಿತು. ಪುಡಿಯದು ಮೊದಲ ದಿನದ ಹಾಗೆಯೇ ಕೊರಳಿನವರೆಗೆ ಉಕ್ಕಿತು.

"ಕೆರಿಯಾಗಿನ ಜೀವ ಸಬಕಾರ ತಿಂದು ಮುಗಿಸ್ತಾವ್ರಿ. ಕುದಿಸಿ ಅವನ್ನ ಕೊಂದ್ರ ಸಬಕಾರನೂ ಉಳೀತೈತಿ. ಪುಡಿ ಮಾತ್ರ, ಅವು ಇದ್ರೂ ಹಂಗ ಐತಿ," ಎಂದೆ. ನನ್ನ ಧ್ವನಿ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದೇ ನನಗೆ ಒಂದು ಕ್ಷಣ ಗಾಬರಿಯಾಯಿತು.

ಎಲ್ಲರಿಗಿಂತ ಹಿರಿಯ ಗೌಡರು ಗಡ್ಡ ಕೆರೆದುಕೊಂಡರು. "ಅಂದ್ರ ತಪ್ಪು ಪುಡೀದು, ಕಲ್ಲಿಂದಲ್ಲ. ಕಲ್ಲು ಇರ್ಲಿ. ಏನವಾ, ಸಬಕಾರದಾಗ ಒಗೀತಿ?"

"ಒಗೀತೇನ್ರಿ. ನಿಮ್ಮ ಧೋತರ ಬೆಳ್ಳಗಾಗ್ಲಿಲ್ಲಂತ ಮತ್ತ ಹಿರ್ಯಾರನ್ನ ಕೂಡಿಸಬ್ಯಾಡ್ರಿ."

ಪಡಸಾಲೆ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಅವ್ವ ಆಗಷ್ಟೇ ಕಡೆದ ಮಜ್ಜಿಗೆ ತಂದು ಎಲ್ಲರ ಕೈಗೂ ಗ್ಲಾಸು ಕೊಟ್ಟಳು. ಮೇಲೆ ದಪ್ಪಗೆ ನೊರೆ. ಗೌಡರು ಬಾಯಿಯವರೆಗೆ ಒಯ್ದವರು ನಿಲ್ಲಿಸಿದರು; ಗ್ಲಾಸನ್ನು ನಿಧಾನಕ್ಕೆ ಅಲುಗಾಡಿಸಿ, ಇಣುಕಿ ನೋಡಿದರು. ಉಳಿದವರೂ ಹಾಗೇ ಮಾಡಿದರು.

"ತಡೀರಿ," ಎಂದರು ಗೌಡರು, "ಇಳೀಲಿ."

"ಕಡಗೋಲಿನ ನೊರಿರಿ ಅದು!" ಅವ್ವನ ಮುಖ ಕೆಂಪೇರಿತ್ತು. ಯಾರೂ ಕುಡಿಯಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ನನ್ನ ಗ್ಲಾಸೂ ತುಂಬಿಯೇ ಇತ್ತು.