ಮಾಹೂಝ್‌ನಲ್ಲಿ ಬೀಗರೂಟ

ಬೀಗರೂಟ ಮಾಡಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದ ದಿನ ಮಂಡ್ಯದಿಂದ ಅಣ್ಣನ ಫೋನ್ ಬಂತು. ನನ್ನ ಮಗಳು ಇಸ್ರೇಲಿನ ಯಹೂದಿ ಹುಡುಗನನ್ನು ಸೈಪ್ರಸ್‌ನಲ್ಲಿ ರಿಜಿಸ್ಟರ್ ಮದುವೆಯಾಗಿದ್ದಳು. ಸೋದರಮಾವನಾದ ತಾನು ಹುಡುಗಿಯನ್ನು ಹಸೆಗೆ ಕರೆತರಲಿಲ್ಲವೆಂಬುದು ಅವನ ಉರಿ.

"ಅದು ಮದ್ವೆನೇ ಅಲ್ಲ, ಅವ್ರು ಬೀಗ್ರೂ ಅಲ್ಲ. ಎಲೆ ಹಾಕಿ ಬಡಿಸಿದ್ಯೋ, ನನ್ನ ಹೊಸ್ತಿಲು ತುಳೀಬೇಡ," ಎಂದ.

ಅಪ್ಪ ಅಮ್ಮ ಹೋದ ಮೇಲೆ ನನಗೆ ತವರೆಂದು ಉಳಿದಿರುವುದು ಆ ಒಂದೇ ಮನೆ. ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಮಗಳ ಅತ್ತೆ ಮೊದಲ ಸಲ ಬಹರೈನಿಗೆ, ಮಾಹೂಝ್ ಬಡಾವಣೆಯ ನಮ್ಮ ಮನೆಗೆ ಬರುವಾಗ ಯಾವುದೋ ಮಾಲ್‌ನಲ್ಲಿ ಪಿಜ್ಜಾ ತಿನ್ನಿಸಿ ಕಳಿಸಲೇ?

ನಮ್ಮ ಕಡೆ ಬೀಗರೂಟವೆಂದರೆ ಮಟನ್. ಆಕೆಯೋ ತಮ್ಮ ಶಾಸ್ತ್ರದಂತೆ ಕೊಯ್ಯದ ಮಾಂಸ ಮುಟ್ಟುವವರಲ್ಲ, ಅದು ಬೆಂದ ಪಾತ್ರೆಯೂ ಆಗದು. ಸರಿ, ಹೊಸ ಪಾತ್ರೆಗಳನ್ನೇ ತಂದೆ. ಒಬ್ಬಟ್ಟು, ಹುಳಿ, ಕೋಸಂಬರಿ ಮಾಡಿದೆ. ಮಟನ್ನಿಲ್ಲದ ಬೀಗರೂಟವೇ ಎಂದು ಗೊಣಗಿದ ಗಂಡನ ಕೈಗೆ ತೆಂಗಿನಕಾಯಿ ಕೊಟ್ಟು ತುರಿಯಲು ಕೂರಿಸಿದೆ. ಅಣ್ಣನ ಹೆಸರಿನಲ್ಲೂ ಒಂದು ಎಲೆ ಹಾಕಿದೆ. ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಹಾಕಿದೆ.

ಬಾಳೆಲೆ ಕಂಡು ಆಕೆಗೆ ಖುಷಿಯಾಯಿತು. ಹಿಂದೆ ಯಾರೂ ಮಾಂಸ ತಿಂದಿರದ ತಟ್ಟೆ. ನಾವಿಬ್ಬರು ಪರಸ್ಪರ ಏನಾಗಬೇಕೆಂದು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಪದವೇ ಸಿಗಲಿಲ್ಲ. ಆಕೆ ನನ್ನತ್ತ ಬೆರಳು ತೋರಿಸಿ ಹೀಬ್ರೂವಿನಲ್ಲಿ "ಮೆಹುತೆನೆತ್" ಎಂದರು. ನಾನು "ಬೀಗಿತ್ತಿ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಒಂದೊಂದೇ ನೆಂಟಸ್ತಿಕೆ ಕೇಳುತ್ತಾ ಹೋದೆ. ಅತ್ತೆ ಹಮೋತ್, ಸೊಸೆ ಕಲ್ಲಾ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಬರೀ ದೋದ್.

ಎರಡನೇ ಸಲ ಒಬ್ಬಟ್ಟು ಬಡಿಸುವಾಗ ಅಣ್ಣನ ವಿಡಿಯೋ ಕಾಲ್ ಬಂತು. ಫೋನನ್ನು ಸೀದಾ ಎಲೆಗಳ ಕಡೆಗೇ ತಿರುಗಿಸಿದೆ.

"ಮಾಡೇಬಿಟ್ಯಾ? ಸೋದರಮಾವ ಇಲ್ದೆ ಅದೆಂಥ ಬೀಗರೂಟ?"

"ಅವರ ಭಾಷೇಲಿ ಸೋದರಮಾವಂಗೆ ಬೇರೆ ಪದಾನೇ ಇಲ್ವಂತೆ ಕಣಣ್ಣ. ಬೀಗಿತ್ತಿಗಿದೆ."

ಕಾಲ್ ಕಟ್ಟಾಯಿತು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿರಲಿಲ್ಲ, ಆದರೆ ಗಂಡನ ಒಬ್ಬಟ್ಟಿಗೆ ಎರಡೆರಡು ಸಲ ತುಪ್ಪ ಸುರಿದುಬಿಟ್ಟೆ. ಕನ್ನಡ ಬಾರದಿದ್ದರೂ ಬೀಗಿತ್ತಿಗೆ ಅರ್ಥವಾಗಿರಬೇಕು. ಎದ್ದು ಬಂದು ನನ್ನ ಕೈಯಿಂದ ತುಪ್ಪದ ಮಿಳ್ಳೆ ತೆಗೆದುಕೊಂಡರು. ಅಣ್ಣನಿಗೆಂದು ಹಾಕಿದ್ದ ಎಲೆಯ ಮುಂದೆ ನನ್ನನ್ನು ಕೂರಿಸಿ, ತಾವೇ ಬಡಿಸಿದರು.