ಕೇಳುವುದಷ್ಟೇ ಗೋವಿಂದಮ್ಮನ ಕೆಲಸ

ತಿ. ನರಸೀಪುರದ ಕಡೆಯ ಒಂದು ಹಳ್ಳಿ. ಈಗಷ್ಟೇ ಬೆಳಕು ಹರಿದಿದೆ. ಜಗಲಿಯ ಮೇಲೆ ಗೋವಿಂದಮ್ಮ ಅವರೆಕಾಯಿ ಸುಲಿಯುತ್ತಿದ್ದಾರೆ. ಮೊರದ ಇನ್ನೊಂದು ಬದಿಗೆ ಆ ಮನೆಯ ಸೊಸೆ ಕುಳಿತಿದ್ದಾರೆ. ಅವರನ್ನು ಇಲ್ಲಿ ರುದ್ರಾಣಿ ಎಂದು ಕರೆಯೋಣ.

"ಇವತ್ತು ಏನೂ ಕೇಳಾಕಿಲ್ವಾ ಅಕ್ಕ?"

"ಇಲ್ಲ."

"ಮತ್ಯಾಕ್ ಬಂದ್ರಿ?"

"ಅದೇ ಗೊತ್ತಾಯ್ತಿಲ್ಲ ಕಣವ್ವ."

ದೇವನೂರಿನ ಗೋವಿಂದಮ್ಮನಿಗೆ ಕೇಳುವುದೇ ಉದ್ಯೋಗ. ಗಂಡ ಮಹದೇವಯ್ಯ ಗಾರೆ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ ವರ್ಷ, ಹೆಂಗಸರ ಮನಸ್ಸಿನ ಆರೋಗ್ಯದ ಬಗ್ಗೆ ಅಧ್ಯಯನ ನಡೆಸುವ ಸಂಸ್ಥೆಯೊಂದನ್ನು ಸೇರಿದರು. ಮನೆಮನೆಗೆ ತಿಂಗಳಿಗೊಮ್ಮೆ ಹೋಗಿ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕೆನಿಸಿದೆಯೇ ಎಂದು ಕೇಳುತ್ತಾರೆ. ಅತ್ತೆ ಎದುರಿಗಿದ್ದರೆ ಎಲ್ಲ ಸೊಸೆಯರದೂ ಒಂದೇ ಉತ್ತರ. ಅದಕ್ಕೇ ನಸುಕಿನಲ್ಲೇ ಹೊರಡುತ್ತಾರೆ. "ಅತ್ತೆ ಕೊಟ್ಟಿಗೇಲಿ ಹಾಲು ಕರೆಯೋವಾಗ ಕೇಳ್ಬುಡ್ಬೇಕು. ಅದು ತಪ್ಪೋದ್ರೆ ಆ ಮನೇಲಿ ಇಡೀ ದಿನ ಎಲ್ಲಾ ಚೆನ್ನಾಗೇ ಇರ್ತದೆ!"

ನಂಜನಗೂಡಿನ ಕೆಲವು ಹಳ್ಳಿಗಳಲ್ಲಿ ಸಂಸ್ಥೆ ವಾರಕ್ಕೊಮ್ಮೆ ಹೆಂಗಸರ ಕೂಟ ನಡೆಸುತ್ತದೆ. ಅಲ್ಲಿ ಅವರು ಮನಸ್ಸಿನ ಭಾರ ಹೇಳಿಕೊಳ್ಳುತ್ತಾರೆ. ನರಸೀಪುರದ ಕಡೆ ಸದ್ಯಕ್ಕೆ ಬರೀ ಪ್ರಶ್ನೆ. ತೀರಾ ಕಷ್ಟದಲ್ಲಿರುವವರನ್ನು ಆಸ್ಪತ್ರೆಗೆ ಕಳಿಸುವುದು ಬಿಟ್ಟರೆ ಇನ್ನೇನೂ ಮಾಡುವಂತಿಲ್ಲ. ಎರಡೂ ಕಡೆಯನ್ನು ಹೋಲಿಸಿ, ಕೂಟದಿಂದ ಉಪಯೋಗವಿದೆ ಎಂದು ಕಂಡರೆ ಎಲ್ಲ ಊರಿಗೂ ಕೂಟ ಬರುತ್ತದೆ.

ಎಡವಟ್ಟಾದದ್ದು ಹೋದ ವರ್ಷದ ಅವರೆ ಕಾಲದಲ್ಲಿ. ಮೊದಮೊದಲು ಗೋವಿಂದಮ್ಮ ಈ ಜಗಲಿಯ ಕೆಳಗೆ ನಿಂತೇ ಕೇಳುತ್ತಿದ್ದರು. ಅಂದು ರುದ್ರಾಣಿ ಮೇಲೆ ಕೂರಿಸಿ, ಮೊರವನ್ನು ಇತ್ತ ನೂಕಿದರು. "ನಮ್ಮೋರ್ ಕೈ ಸೋಕಿದ ಕಾಳು ಆ ಮನೇಲಿ ಬೇಯ್ತದಾ ಅಂತ ಒಂದ್ ಗಳಿಗೆ ಮೊಕ ನೋಡ್ದೆ. ಅವ್ಳು ತಲೆ ಎತ್ನಿಲ್ಲ, ಸುಲೀತಾನೇ ಇದ್ಲು. ನಾನೂ ಕೈ ಹಾಕ್ದೆ." ಪ್ರಶ್ನೆ ಮುಗಿದರೂ ಕಾಯಿ ಮುಗಿಯಲಿಲ್ಲ, ಮಾತೂ ಮುಗಿಯಲಿಲ್ಲ. ಮುಂದಿನ ತಿಂಗಳುಗಳಲ್ಲಿ ಹುಣಸೆಹಣ್ಣು, ಕಡ್ಲೆಕಾಯಿ. ಸತ್ತು ಹುಟ್ಟಿದ ಮಗುವಿಗೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನು ರುದ್ರಾಣಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಹುಣಸೆಬೀಜ ಬಿಡಿಸುವಾಗ.

ಆಮೇಲೆ ಅವರಿಗೆ ನಿದ್ದೆ ಬರತೊಡಗಿತು. ಇನ್ನೂ ಕೆಲವು ಮನೆಗಳಲ್ಲಿ ಉತ್ತರಗಳು ಬದಲಾದವು. ಕೂಟವಿಲ್ಲದ ಊರೂ ತಾನಾಗಿಯೇ ಸುಧಾರಿಸುತ್ತಿದೆ ಎಂದು ಕಚೇರಿಯಲ್ಲಿ ಮಾತಾಯಿತು. ಅದು ತಾನಾಗಿ ಆದದ್ದಲ್ಲ ಎಂದು ಗೋವಿಂದಮ್ಮನಿಗೆ ಗೊತ್ತು. ತಾನು ಸುಮ್ಮನಿದ್ದರೆ ಕೂಟಗಳೇ ಬೇಡವೆಂದಾದೀತು. ಹೇಳಿದರೆ ಈ ಜಗಲಿ ತಪ್ಪೀತು. "ಅವ್ಳು ಚೇತರಿಸ್ಕೊಂಡ್ಲು ಅಂತ ಖುಸಿ ಪಡ್ಲಾ, ನನ್ನಿಂದ ಮಿಕ್ಕೋರ್ಗೆ ಕೂಟ ತಪ್ತದೆ ಅಂತ ಅಳ್ಲಾ? ಈಗ್ಲೂ ತಿಳೀದು."

ಕೊನೆಗೆ ಹೇಳಿಬಿಟ್ಟರು. ಮೇಲ್ವಿಚಾರಕಿ ಪವಿತ್ರಾ ತಲೆಯ ಮೇಲೆ ಕೈ ಇಟ್ಟುಕೊಂಡರು. "ಒಂದೇ ಮನೇಲಿ ತಾನೇ ಅಕ್ಕ?"

"ಮೊರ ಎಲ್ಲಾರ್ ಮನೇಲೂ ಇರ್ತದಲ್ಲವ್ವ."

ಬೈಯಲು ಹೊರಟ ಪವಿತ್ರಾಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಊರನ್ನೇ ಅಧ್ಯಯನದಿಂದ ಕೈಬಿಟ್ಟರು. ಮುಂದೆ ಅಲ್ಲಿಗೆ ಕೂಟ ಬರುತ್ತದೆಯೇ? ಪವಿತ್ರಾಗೂ ಗೊತ್ತಿಲ್ಲ. ಗೋವಿಂದಮ್ಮ ಬೇರೆ ಹಳ್ಳಿಗಳಲ್ಲಿ ಕೇಳುವ ಕೆಲಸ ಮುಂದುವರಿಸಿದ್ದಾರೆ, ಕೈಕಟ್ಟಿ ಕುಳಿತು.

ಇವತ್ತು ಭಾನುವಾರ, ರಜೆ. ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಕೊಟ್ಟಿಗೆಯಿಂದ ಹಾಲಿನ ಚೆಂಬು ಹಿಡಿದು ಬಂದ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಬರ್ಕಳಾಕ್ ಬತ್ತಿದ್ದೋಳು ಈಗ ಸುಲಿಯಾಕೇ ಬಂದಳಾ? ಹಿತ್ಲಲ್ಲಿ ತೊಗರಿಕಾಯೂ ಅದೆ, ಮುಂದಿನ್ ವಾರಕ್ಕೆ!" ರುದ್ರಾಣಿ ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ತಡೆಯಲಾಗುವುದಿಲ್ಲ.

ಬಸ್ಸಿಗೆ ಕಾಯುತ್ತಾ ಗೋವಿಂದಮ್ಮ ಉಗುರಿಗೆ ಅಂಟಿದ ಸೊಗಡು ಮೂಸಿ ನೋಡುತ್ತಾರೆ. "ಅವ್ಳು ನಕ್ಕಿದ್ದು ಇನ್ನು ಯಾವ್ ಲೆಕ್ಕಕ್ಕೂ ಬರಾಕಿಲ್ಲ. ಆದ್ರೂ ನಕ್ಳು ಕಣ್ರೀ. ನಾನ್ ನೋಡಿವ್ನಿ."