ಅಜ್ಜಿ ನೀರು ಹಾಕಿದ ಜಿಂಕೆಮರಿ

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನ ಬೆನ್ನಿಗೆ ದನ ಮೇಯುವ ಕಾವಲು, ಅದಕ್ಕೆ ತಾಗಿ ನಮ್ಮ ಹುರುಳಿ ಹೊಲ. ಆಗ ಕಾವಲಿನಲ್ಲಿ ಜಿಂಕೆಗಳು ಹಿಂಡುಹಿಂಡಾಗಿ ಇರುತ್ತಿದ್ದವು. ಬೆಳೆ ಹಾಳು ಮಾಡುತ್ತವೆಂದು ಅಪ್ಪ ಅವುಗಳನ್ನು ಬೈಯದ ದಿನವಿರಲಿಲ್ಲ. ಆದರೆ ಒಂದು ದಿನವೂ ಕಲ್ಲೆಸೆದದ್ದನ್ನು ನಾನು ಕಾಣೆ.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಆ ಹೊಲದಲ್ಲಿ ಒಂದು ಜಿಂಕೆಮರಿ ಸಿಕ್ಕಿತು. ಸಿಕ್ಕಿತು ಎನ್ನುವುದು ಆಗ ನಾನು ಮನೆಯಲ್ಲಿ ಹೇಳಿದ ಮಾತು. ನಿಜ ಹೇಳಬೇಕೆಂದರೆ, ಕದ್ದು ತಂದೆ.

ಸೊಪ್ಪು ಕೀಳಲು ಹೋಗಿದ್ದೆ. ಹುರುಳಿ ಬಳ್ಳಿಯ ನಡುವೆ ಅದು ಕತ್ತನ್ನು ನೆಲಕ್ಕೆ ಚಾಚಿ ಮಲಗಿತ್ತು. ಮುಟ್ಟಿದರೂ ಅಲುಗಲಿಲ್ಲ. ತಲೆಯೆತ್ತಿ ನೋಡಿದರೆ ಕಾವಲಿನ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ನನ್ನನ್ನೇ ನೋಡುತ್ತ ನಿಂತಿತ್ತು. ಮುಂಗಾಲಿನಿಂದ ನೆಲ ಬಡಿಯಿತು, ಎರಡು ಹೆಜ್ಜೆ ನನ್ನ ಕಡೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಅದೇ ಈ ಮರಿಯ ತಾಯಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮರಿಯನ್ನು ಲಂಗದಲ್ಲಿ ಸುತ್ತಿಕೊಂಡು ಮನೆಯ ಕಡೆ ಓಡಿದೆ. ಬೇಕು ಅನ್ನಿಸಿತು, ಎತ್ತಿಕೊಂಡೆ. ಇದಕ್ಕಿಂತ ದೊಡ್ಡ ಕಾರಣ ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ.

ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಮರಿಯನ್ನು ನೋಡಿ ಕೈ ನಿಲ್ಲಿಸಿದ.

"ತಾಯಿ ಇತ್ತೇನವ್ವ ಅತ್ತಾಗೆ?"

"ಇಲ್ಲ ಕಣಪ್ಪ. ನಾಯಿಗಳು ಹಿಡಿದ್ವು ಅದನ್ನ."

"ಸರಿಯಾಗಿ ನೋಡಿದ್ಯಾ? ಮರಿ ಒಂದೇ ಮಲಗೈತೆ ಅಂದ್ರೆ ತಾಯಿ ಇಲ್ಲ ಅಂತಲ್ಲ. ಅವು ಮರೇಲಿ ಮಲಗ್ಸಿ ಮೇಯಕ್ಕೆ ಹೋಗ್ತವೆ, ಹೊತ್ತಿಗೆ ಬಂದು ಹಾಲು ಕುಡುಸ್ತವೆ. ಅನುಮಾನ ಇದ್ರೆ ಹೇಳು. ಈಗ್ಲೇ ಹೋಗಿ ಸಿಕ್ಕಿದ ಜಾಗದಾಗೇ ಬಿಟ್ಟು ಬತ್ತೀನಿ."

"ನಾನೇ ಕಣ್ಣಾರೆ ನೋಡ್ದೆ" ಎಂದು ಅತ್ತೆ. ಅಳು ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಾಗಾದರೆ ಇದು ತಬ್ಬಲಿ ಎಂದು ಅಪ್ಪ ಅಂದದ್ದು ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಒಳಗಿಂದ ಎದ್ದು ಬಂದಳು. ಅಜ್ಜಿ ಅಪ್ಪನ ತಾಯಿ. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಅಂಥದು ಎಂದು ಎಲ್ಲರೂ ಹೇಳುವರು. ಅಜ್ಜಿ ಅದನ್ನು ಕೇಳಿಸಿಕೊಳ್ಳದವಳಂತೆ ನಟಿಸುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು ಎಂದು ನನಗೆ ಗೊತ್ತಿತ್ತು.

ಮರಿಗೂ ಅವಳು ತನಗೆ ಗೊತ್ತಿದ್ದದ್ದನ್ನೇ ಮಾಡಿದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಅದನ್ನು ಮಲಗಿಸಿಕೊಂಡು, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದಳು. ಹಣೆಗೆ ವಿಭೂತಿ ಇಟ್ಟಳು. ಯುದ್ಧದ ಕಾಲ, ಸಾಂಬ್ರಾಣಿ ಅರಸೀಕೆರೆಯಿಂದ ಯಾರಾದರೂ ತಂದುಕೊಟ್ಟರೆ ಉಂಟು. ಜೋಪಾನ ಮಾಡಿಟ್ಟಿದ್ದ ಚೂರನ್ನೂ ಕೆಂಡಕ್ಕೆ ಹಾಕಿ ಹೊಗೆ ಹಿಡಿದಳು. ಬಜೆ ತೇಯ್ದು ನೆಕ್ಕಿಸಿದಳು. ಅಪ್ಪನಿಗೆ, ನನಗೆ ಹಾಲು ಹಾಕಿದ್ದ ಒಳಲೆಯಲ್ಲೇ ಹಸುವಿನ ಹಾಲು ಹಾಕಿದಳು. ಮರಿ ಮೊದಲು ಒದ್ದಾಡಿತು, ಆಮೇಲೆ ಮೈಬಿಟ್ಟು ಬಿದ್ದುಕೊಂಡಿತು.

"ನೋಡವ್ವ, ನೀರು ಹಾಕಿದ್ದಕ್ಕೆ ಹೆಂಗೆ ಸುಖವಾಗಿ ಮಲಗೈತೆ" ಎಂದಳು ಅಜ್ಜಿ.

ಅದು ಸುಖವಲ್ಲ, ಅಂಜಿ ಸೋತು ಬಿದ್ದದ್ದು. ಆಗ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಮರುದಿನ ಮರಿಗೆ ಭೇದಿ ಹಿಡಿಯಿತು. ಹಾಕಿದ ಹಾಲು ಬಾಯಿಯ ಪಕ್ಕದಿಂದ ಇಳಿದುಹೋಗುತ್ತಿತ್ತು. ಸಂಜೆ ಅಪ್ಪ ಹೊಲದಿಂದ ಬಂದವನು ಕೈಕಾಲು ತೊಳೆಯುತ್ತ, "ಬದಿನ ಮೇಲೆ ಒಂದು ಹೆಣ್ಣು ಜಿಂಕೆ ನಿಂತೈತೆ. ಎಷ್ಟು ಓಡ್ಸಿದ್ರೂ ತಿರ್ಗಾ ಅಲ್ಲಿಗೇ ಬತ್ತದೆ" ಎಂದ. ನನ್ನ ಮುಖ ನೋಡಿದ. ನಾನು ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದೆ. ಬೇರೆ ಯಾವುದೋ ಇರಬೇಕೆಂದು ಅವನೇ ಹೇಳಿಕೊಂಡ. ಆಗಲಾದರೂ ಬಾಯಿಬಿಟ್ಟಿದ್ದರೆ ಅಪ್ಪ ಆ ಹೊತ್ತಿನಲ್ಲೇ ಮರಿಯನ್ನು ಎತ್ತಿಕೊಂಡು ಹೋಗುತ್ತಿದ್ದ. ಅವನು ಹೊಡೆಯುವವನಲ್ಲ. ನನಗಿದ್ದದ್ದು ಪೆಟ್ಟಿನ ಹೆದರಿಕೆಯಲ್ಲ, ಅಜ್ಜಿಯ ಎದುರಿಗೆ ಸುಳ್ಳಿಯಾಗಿ ನಿಲ್ಲಬೇಕಲ್ಲ ಎಂಬ ನಾಚಿಕೆ.

ಇಂದಿಗೂ ಯಾವ ಮಗುವಾದರೂ ಗುಬ್ಬಿಮರಿ, ಅಳಿಲುಮರಿ ಹಿಡಿದು ಬಂದರೆ ನಾನು ಮೊದಲು ಗದರಿಸುತ್ತೇನೆ. ಎಲ್ಲಿ ಸಿಕ್ಕಿತೋ ಅಲ್ಲೇ ಇಡು, ದೂರ ನಿಂತು ಕಾಯಿ, ನೀನು ಕಂಡರೆ ತಾಯಿ ಬರುವುದಿಲ್ಲ ಎನ್ನುತ್ತೇನೆ. ಮುದುಕಿಗೆ ಕರುಣೆಯೇ ಇಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಮರಿ ಅಜ್ಜಿಯ ಮಡಿಲಲ್ಲೇ ಸತ್ತಿತು. ಅಜ್ಜಿ ಬಹಳ ಹೊತ್ತು ಅದನ್ನು ಕೆಳಗಿಳಿಸಲಿಲ್ಲ. "ನೀರು ಬಿಸಿ ಜಾಸ್ತಿ ಆಯ್ತೇನೋ. ನನ್ನ ಕೈಯಿಂದ್ಲೇ ಹೋಯ್ತು" ಎಂದಳು. ಅಪ್ಪ ಅದನ್ನು ಹುಲ್ಲಿನ ಬಣವೆಯ ಹಿಂದೆ ಹೂತ.

ಎಂಟು ದಿನಕ್ಕೆ ಮೇಲಿನ ಬೀದಿಯ ಹೆಂಗಸೊಬ್ಬಳು ಬಂದು, ಮಗಳಿಗೆ ಹೆರಿಗೆಯಾಗಿದೆ, ಕೂಸಿಗೆ ನೀರು ಹಾಕಲು ಬನ್ನಿ ಎಂದು ಕರೆದಳು. ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ಬೇರೆ ಯಾರ್ನಾದ್ರೂ ಕರ್ಕೊಳವ್ವ. ನನ್ನ ಕೈ ಈಗ ಒಳ್ಳೇದಲ್ಲ" ಎಂದುಬಿಟ್ಟಳು. ಆಮೇಲೆ ಬಂದವರಿಗೂ ಅದೇ ಉತ್ತರ. ನಿಧಾನವಾಗಿ ಕರೆಯುವುದೂ ನಿಂತಿತು.

ಎರಡು ವರ್ಷ ಕಳೆದು ನನ್ನ ತಮ್ಮ ಹುಟ್ಟಿದ. ಅವನಿಗೆ ನೀರು ಹಾಕಲು ಪಕ್ಕದ ಬೀದಿಯವಳೊಬ್ಬಳು ಬಂದಳು. ಸ್ವಂತ ಮೊಮ್ಮಗ ಬಚ್ಚಲಲ್ಲಿ ಕಿರುಚುತ್ತಿದ್ದರೆ ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಆ ಮರಿ ನಿನ್ನ ಕೈಯಿಂದ ಸಾಯ್ಲಿಲ್ಲ. ಅದಕ್ಕೆ ತಾಯಿ ಇತ್ತು. ನಾನೇ ನೋಡಿದ್ದೆ. ನಾಯಿ ಹಿಡಿದ್ವು ಅಂದಿದ್ದು ಸುಳ್ಳು."

ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು. "ನನ್ನ ಸಂಕಟ ನೋಡಕ್ಕಾಗ್ದೆ ಹಿಂಗೆಲ್ಲ ಕಟ್ಟಿ ಹೇಳ್ತೀಯ. ನೀನು ಸುಳ್ಳು ಹೇಳೋ ಕೂಸಲ್ಲ ಕಣವ್ವ" ಎಂದಳು.

ಆಣೆ ಇಟ್ಟು ಹೇಳಿದೆ. ಅವಳು ನಂಬಲಿಲ್ಲ. ನೀರು ಹಾಕಿದವಳು ಬಚ್ಚಲಿನಿಂದ ತಮ್ಮನನ್ನು ಬಟ್ಟೆಯಲ್ಲಿ ಸುತ್ತಿ ತಂದು ಅಜ್ಜಿಯ ಮುಂದೆ ಹಿಡಿದಾಗ ಅಜ್ಜಿ ಕೈ ಚಾಚಲಿಲ್ಲ, ನನಗೆ ಎತ್ತಿಕೊಳ್ಳಲು ಹೇಳಿದಳು.